ಹಲಗೆಗೆ ಅಂಟಿದ ಮರಳು

"ಪ್ರೀತಿಯವರ ಮನಸ್ಸು ನೋಯಬಾರದೆಂದು ಒಂದು ಸುಳ್ಳು ಹೇಳಿದರೆ ಅದು ತಪ್ಪೇ, ಗುರುಗಳೇ?"

ಸಂಜೆಯ ಪೂಜೆ ಮುಗಿದು ಗುರುಗಳೊಬ್ಬರೇ ಮಠದ ಜಗಲಿಯಲ್ಲಿ ಕುಳಿತಿದ್ದಾಗ ಹೊನ್ನಯ್ಯ ಹೀಗೆ ಕೇಳಿದ. ಕೇಳಿದವನು ಮುಖ ಎತ್ತಲಿಲ್ಲ. ಇದು ಯಾರ ಪ್ರಶ್ನೆ ಎಂದರು ಗುರುಗಳು. ಒಬ್ಬ ಗೆಳೆಯನದು ಎಂದ ಹೊನ್ನಯ್ಯ. ಗೆಳೆಯನಿಗೆ ವಯಸ್ಸೆಷ್ಟು ಎಂದು ಅವರು ವಿಚಾರಿಸಿದರು. ಹೆಚ್ಚುಕಡಿಮೆ ನನ್ನಷ್ಟೇ ಎಂದು ಅವನು ಹೇಳಿದಾಗ ಗುರುಗಳು ಗಡ್ಡದೊಳಗೇ ನಕ್ಕರು.

ಗೆಳೆಯ ಗಿಳೆಯ ಯಾರೂ ಇರಲಿಲ್ಲ. ಎರಡು ತಿಂಗಳ ಹಿಂದೆ ಗುರುಗಳು ಹೊನ್ನಯ್ಯನನ್ನು ಕರೆದು, ದಿನಾ ಬೆಳಗಿನ ಜಾವ ಗುಡ್ಡದ ಗವಿಯಲ್ಲಿ ಒಂದು ತಾಸು ಧ್ಯಾನಕ್ಕೆ ಕೂರು ಎಂದಿದ್ದರು. ಅದು ಅವರೇ ತಮ್ಮ ಪ್ರಾಯದಲ್ಲಿ ಹನ್ನೆರಡು ವರ್ಷ ಕುಳಿತ ಗವಿ. ಬೇರೆ ಯಾವ ಶಿಷ್ಯನಿಗೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಹೊನ್ನಯ್ಯ ಹತ್ತು ದಿನ ಕುಳಿತ. ಕಾಲು ಜೋಮು ಹಿಡಿಯಿತು, ತೂಕಡಿಕೆ ಬಂತು, ಮನಸ್ಸು ಊರೂರು ಸುತ್ತಿತು. ಹನ್ನೊಂದನೆಯ ದಿನ ಗವಿಯ ದಾರಿ ಹಿಡಿದವನು, ಮಠದ ಅಡುಗೆಯ ಅಜ್ಜಿ ಬಾತುಹೋದ ಕೈಗಳಿಂದ ಒಲೆ ಹಚ್ಚಲಾರದೆ ಕುಳಿತಿದ್ದನ್ನು ಕಂಡ. ಒಲೆ ಹಚ್ಚಿಕೊಟ್ಟ. ನೀರು ಸೇದಿ ತಂದ. ಗವಿಯಲ್ಲಿ ನಿಲ್ಲದ ಮನಸ್ಸು ಆ ಬೆಂಕಿಯ ಮುಂದೆ ನಿಂತಿತು. ಮರುದಿನದಿಂದ ಅವನು ಗವಿಯ ಕಡೆ ತಲೆ ಹಾಕಲಿಲ್ಲ. ಅಡುಗೆಮನೆಯ ಹಿಂಬಾಗಿಲಲ್ಲಿ ದಿನಾ ಒಣ ಸೌದೆ ಜೋಡಿಸಿಟ್ಟಿರುತ್ತಿತ್ತು. ಅಜ್ಜಿ ಯಾರಿಂದಲೋ ಇಡಿಸುತ್ತಾಳೆ ಎಂದುಕೊಂಡು ಅದನ್ನೇ ಉರಿಸುತ್ತಿದ್ದ.

ಬೆಳಿಗ್ಗೆ ಗುರುಗಳು ಗವಿಯಲ್ಲಿ ಕುಳಿತೆಯಾ ಎಂದು ಕೇಳುತ್ತಿದ್ದರು. ಕುಳಿತೆ ಎನ್ನುತ್ತಿದ್ದ. ಆ ಮುದಿ ಮುಖ ಅರಳುವುದನ್ನು ನೋಡಿದ ಮೇಲೆ ಬೇರೆ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ನಿಜ ತಿಳಿದರೆ ತನ್ನನ್ನು ಕೈಬಿಟ್ಟಾರು ಎಂಬ ಭಯವೂ ಇತ್ತು. ಗುರುಗಳನ್ನು ಬಿಟ್ಟರೆ ಅವನಿಗೆ ತನ್ನವರೆಂದು ಯಾರೂ ಇರಲಿಲ್ಲ.

"ಒಂದು ಕತೆ ಹೇಳುತ್ತೇನೆ," ಎಂದರು ಗುರುಗಳು. "ನಿನ್ನ ಗೆಳೆಯನಿಗೆ ಮುಟ್ಟಿಸು."

ರಾಜನ ಕತೆಯೋ ಋಷಿಯ ಕತೆಯೋ ಬರುತ್ತದೆಂದು ಹೊನ್ನಯ್ಯ ಕಾದ. ಗುರುಗಳು ಕಡಲ ಕತೆ ಹೇಳಿದರು.

ಒಂದು ಕಡಲೂರಿನಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಮನೆಯಲ್ಲಿ ಅವರಿಬ್ಬರೇ. ಹಲಗೆಯ ಮೇಲೆ ನಿಂತು ಅಲೆ ಏರುವುದು, ಈಗಿನವರು ಸರ್ಫಿಂಗ್ ಅನ್ನುತ್ತಾರಲ್ಲ, ಅದರ ಹುಚ್ಚು ಇಬ್ಬರಿಗೂ. ಅದೇನು ಹೊಟ್ಟೆ ತುಂಬಿಸುವ ವಿದ್ಯೆಯಲ್ಲ. ಆದರೆ ಹೊಟ್ಟೆ ತುಂಬದ ವಿದ್ಯೆಯನ್ನು ಮಠದವರಾದ ನಾವು ಆಡಿಕೊಳ್ಳಬಾರದು.

ಅಣ್ಣ ಆ ಕರಾವಳಿಗೇ ಜಾಣ ಸವಾರ. ತಂಗಿಯನ್ನು ಹಲಗೆಯ ಮೇಲೆ ನಿಲ್ಲಿಸಿದವನು ಅವನೇ. ನದಿ ಕಡಲು ಸೇರುವ ಅಳಿವೆಯಲ್ಲಿ ನೀರಿನಡಿ ಒಂದು ಮರಳ ದಿಬ್ಬವಿತ್ತು. ಅದಕ್ಕೆ ತಾಗಿ ಏಳುವ ಅಲೆಯೆಂದರೆ ಅವನಿಗೆ ಪ್ರಾಣ. ಒಂದು ಮುಂಜಾನೆ ಅದೇ ದಿಬ್ಬಕ್ಕೆ ತಲೆಕೆಳಗಾಗಿ ಬಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಶಕ್ತಿ ಹೋಯಿತು. ಆಮೇಲೆ ಅವನಿಗೆ ಗಾಲಿಕುರ್ಚಿಯೇ ಗತಿಯಾಯಿತು. ಆ ವರ್ಷ ತಂಗಿ ನೀರಿಗೆ ಇಳಿಯಲಿಲ್ಲ. ನೀನೂ ಬಿಟ್ಟರೆ ನಾನು ನಿಜವಾಗಿ ಸತ್ತ ಹಾಗೆ ಎಂದು ಅಣ್ಣ ಹೇಳಿದ ಮೇಲೆ ಇಳಿದಳು.

ಅಂದಿನಿಂದ ಮರುದಿನದ ಮುಂಜಾನೆಯನ್ನು ಹೊಂದಿಸುವುದು ಅಣ್ಣನ ಕೆಲಸವಾಯಿತು. ಸಂಜೆಯಾದರೆ ಪಂಚಾಂಗ ತೆರೆದು ತಿಥಿ ನೋಡುವನು. ತಿಥಿ ತಿಳಿದರೆ ಉಬ್ಬರ ಯಾವಾಗ, ಇಳಿತ ಯಾವಾಗ ಎಂಬುದು ಕಡಲವರಿಗೆ ಬೆರಳ ತುದಿಯ ಲೆಕ್ಕ. ಗಾಳಿಯನ್ನು ಫೋನಿನಲ್ಲಿ ನೋಡುವನು. ಊರಿಗೆ ಇದ್ದದ್ದು ಮೂರು ಕಡಲತೀರ: ದೋಣಿ ನಿಲ್ಲುವ ದಕ್ಕೆ, ಅದರಾಚೆ ಅಳಿವೆ, ಅದಕ್ಕೂ ಆಚೆ ಕೆಂಪು ಬಂಡೆಗಳ ತೀರ. ನಾಳೆ ಯಾವುದು, ಎಷ್ಟು ಹೊತ್ತಿಗೆ ಇಳಿಯಬೇಕು, ಎಷ್ಟು ಹೊತ್ತಿಗೆ ಹೊರಗೆ ಬರಬೇಕು ಎಂದು ಬಾಗಿಲ ಬಳಿಯ ಸ್ಲೇಟಿನ ಮೇಲೆ ಬರೆಯುವನು. ತಂಗಿ ಓದಿ ಮಲಗುವಳು. ಬೆಳಕು ಹರಿಯುವ ಮುಂಚೆ ಹೊರಡುವಳು. ಬಂದ ಮೇಲೆ ಒಂದೊಂದು ಅಲೆಯನ್ನೂ ವಿವರಿಸಿ ಹೇಳುವಳು. ಅವನು ಕಣ್ಣು ಮುಚ್ಚಿ ಕೇಳುತ್ತಾ ಅವಳ ಹಲಗೆಯನ್ನು ಒರೆಸುವನು. ಕಾಲು ಜಾರದಿರಲೆಂದು ಹಲಗೆಗೆ ಮೇಣ ಸವರಿರುತ್ತಾರೆ, ಮರಳು ಅದಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯುವ ಕೆಲಸವನ್ನು ಅವನು ಬೇರೆಯವರಿಗೆ ಬಿಡುತ್ತಿರಲಿಲ್ಲ.

ಅವನ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಆದರೆ ಒಂದು ಮಳೆಗಾಲ ಕಳೆದು ಕಡಲು ತಿಳಿಯಾದಾಗ ಅವನು ಅಳಿವೆ ಎಂದು ಬರೆದ. ತಂಗಿ ಹೋಗಿ ನೋಡಿದರೆ ಅಳಿವೆಯಲ್ಲಿ ಅಲೆಯೇ ಏಳುತ್ತಿಲ್ಲ. ನದಿಯ ನೆರೆ ಆ ದಿಬ್ಬವನ್ನು ಗುಡಿಸಿಕೊಂಡು ಹೋಗಿತ್ತು. ಅಣ್ಣ ತನ್ನ ಕಾಲಿದ್ದ ಕಾಲದ ಅಳಿವೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದ. ಎಂತಹ ಜಾಣನಿಗೂ ಆಗುವ ತಪ್ಪು ಇದು. ನಾವು ಬಿಟ್ಟುಬಂದ ಜಾಗ ನಾವು ಬಿಟ್ಟ ಹಾಗೆಯೇ ಇದೆ ಎಂದು ನಂಬಿರುತ್ತೇವೆ.

ತಂಗಿ ಆಚೆಯ ಬಂಡೆತೀರಕ್ಕೆ ಹೋದಳು. ಅಲ್ಲಿ ಅಲೆ ಚೆನ್ನಾಗಿತ್ತು. ಮನೆಗೆ ಬಂದಾಗ ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಾಯುತ್ತಿದ್ದ. ನಿನ್ನ ದಿಬ್ಬ ಹೋಯಿತು ಎಂದು ಹೇಗೆ ಹೇಳುವುದು? ಅವನಿಗೆ ಉಳಿದಿದ್ದ ಒಂದೇ ಕೆಲಸವೂ ಸುಳ್ಳಾಯಿತು ಎಂದ ಹಾಗಾಗುತ್ತದೆ. ಅಳಿವೆ ಇವತ್ತು ಬಹಳ ಚೆನ್ನಾಗಿತ್ತು ಎಂದಳು. ಅಣ್ಣ ಆ ದಿನ ಎರಡು ಸಲ ಅನ್ನ ಬಡಿಸಿಕೊಂಡ.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ಇವಳಿಗೆ ನೂರು ಬೇಕಾಗಲಿಲ್ಲ, ಅದೊಂದೇ ಸುಳ್ಳು ದಿನಾ ಸಾಕಾಯಿತು. ಸ್ಲೇಟಿನಲ್ಲಿ ಅಳಿವೆ ಎಂದಿರುತ್ತಿತ್ತು, ಅವಳು ಬಂಡೆಗೆ ಹೋಗುತ್ತಿದ್ದಳು. ಅವಳ ಅದೃಷ್ಟವೋ ಏನೋ, ಹೋದಾಗಲೆಲ್ಲ ಬಂಡೆಯಲ್ಲಿ ನೀರು ಹದವಾಗಿರುತ್ತಿತ್ತು. ಕೆಲವು ದಿನ ಸ್ಲೇಟಿನಲ್ಲಿ, ನಾಳೆ ಬೇಡ, ನಿದ್ದೆ ಮಾಡು ಎಂದಿರುತ್ತಿತ್ತು. ಅಂಥ ಒಂದು ದಿನ ತಡೆಯಲಾರದೆ ಹೋಗಿ ನೋಡಿದಳು. ಕಡಲು ಬಂಡೆಗಳನ್ನು ಮುಳುಗಿಸಿ ಅಬ್ಬರಿಸುತ್ತಿತ್ತು. ದೇವರು ದೊಡ್ಡವನು ಎಂದುಕೊಂಡು ಮನೆಗೆ ಬಂದಳು. ದೇವರಿಗೆ ಇಂಥ ಹೊಗಳಿಕೆ ಬಹಳ ಸಿಗುತ್ತದೆ, ಬೇರೆಯವರ ಪಾಲಿನದು.

ಒಂದು ಸಂಜೆ ಅಣ್ಣ, ಅಳಿವೆ, ಆರಕ್ಕೆ ಇಳಿ, ಏಳಕ್ಕೆ ಹೊರಗೆ ಬಾ ಎಂದು ಬರೆದು, ಏಳಕ್ಕೆ ಎಂಬುದರ ಕೆಳಗೆ ಎರಡು ಗೆರೆ ಎಳೆದ. ತಂಗಿಗೆ ವಿಚಿತ್ರ ಎನಿಸಿತು. ನೀರು ಏರುವ ಹೊತ್ತಿನಲ್ಲಿ ಅಳಿವೆಯೆಂದರೆ ಮಕ್ಕಳೂ ಆಡಬಹುದು, ಎಂಟೂವರೆಯವರೆಗೆ ಚಿಂತೆಯಿಲ್ಲ. ಪಾಪ, ಅಣ್ಣನಿಗೆ ಹೊತ್ತಿನ ಲೆಕ್ಕವೂ ತಪ್ಪತೊಡಗಿತು ಎಂದು ಅವಳು ನೊಂದುಕೊಂಡಳು.

ಬೆಳಿಗ್ಗೆ ಬಂಡೆಗೆ ಹೋದಳು. ಅಂಥ ಅಲೆಯನ್ನು ಅವಳು ಆ ವರ್ಷ ಕಂಡಿರಲಿಲ್ಲ. ಏಳಾಯಿತು, ಇನ್ನೊಂದು ಅಲೆ ಎಂದುಕೊಂಡಳು. ಇನ್ನೊಂದು, ಮತ್ತೊಂದು. ಏಳೂಕಾಲಕ್ಕೆ ನೀರು ಒಮ್ಮೆಲೇ ಏರಿ ಅವಳನ್ನು ಎಳೆದುಕೊಂಡು ಹೋಗಿ ಬಂಡೆಗೆ ಬಡಿಯಿತು. ಹಲಗೆಯಿಂದ ಕಾಲಿಗೆ ಕಟ್ಟಿದ ಹಗ್ಗ ಬಂಡೆಯ ಸೀಳಿನಲ್ಲಿ ಸಿಕ್ಕಿಕೊಂಡಿತು. ಹೇಗೋ ಬಿಚ್ಚಿಕೊಂಡು, ತೊಡೆಯಲ್ಲಿ ರಕ್ತ ಸುರಿಸುತ್ತಾ ಬಂಡೆಯ ಮೇಲೆ ಹತ್ತಿ ಕುಳಿತಳು. ಹಲಗೆ ಎರಡು ತುಂಡಾಗಿತ್ತು. ದಡಕ್ಕೂ ಅವಳಿಗೂ ನಡುವೆ ಕಡಲು ಕುದಿಯುತ್ತಿತ್ತು. ಉಬ್ಬರ ತುಂಬಿದರೆ ಆ ಬಂಡೆ ಮುಳುಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ತಡವಾದರೆ ಅಣ್ಣ ಸುಮ್ಮನಿರುವವನಲ್ಲ, ಜನರನ್ನು ಕಳಿಸುತ್ತಾನೆ, ಅದೂ ಗೊತ್ತಿತ್ತು. ಕಳಿಸುವುದು ಅಳಿವೆಗೆ. ಇಡೀ ಊರೇ ಹೊರಟರೂ ಅಳಿವೆಗೇ ಹೋಗುತ್ತದೆ. ತನ್ನನ್ನು ಹುಡುಕಿಕೊಂಡು ಬರುವವರ ದಾರಿಯನ್ನು ಅವಳೇ ದಿನಾ ಒಂದೊಂದು ಕಲ್ಲಿಟ್ಟು ಮುಚ್ಚಿದ್ದಳು. ನೀರು ಪಾದಕ್ಕೆ ಬಂತು. ಅಣ್ಣನನ್ನು ನೆನೆದು ಅತ್ತಳು. ತಾನು ಸಾಯುತ್ತೇನೆಂದಲ್ಲ, ತಾನು ಸತ್ತರೆ ಅವನು ತನ್ನ ಸ್ಲೇಟಿನಿಂದಲೇ ತಂಗಿ ಸತ್ತಳೆಂದು ತಿಳಿಯುತ್ತಾನಲ್ಲ ಎಂದು ಅತ್ತಳು.

ಅಷ್ಟರಲ್ಲಿ ದಕ್ಕೆಯಿಂದ ಒಂದು ದೋಣಿ ಹೊರಟಿದ್ದು ಕಾಣಿಸಿತು. ಅದು ಅಳಿವೆಯ ಬಾಯಿಗೆ ಬಂತು. ಇನ್ನು ಒಳಕ್ಕೆ ತಿರುಗುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ದೋಣಿ ಅಳಿವೆಯನ್ನು ದಾಟಿತ್ತು. ಅದು ಅಲ್ಲಿ ನಿಲ್ಲಲೇ ಇಲ್ಲ. ನೇರವಾಗಿ ಬಂಡೆಯ ಕಡೆಗೇ ಬರುತ್ತಿತ್ತು.

ದೋಣಿಯವನು ಹಗ್ಗ ಎಸೆದು ಅವಳನ್ನು ಎಳೆದುಕೊಂಡ. ತಾನು ಇಲ್ಲಿರುವುದು ಹೇಗೆ ತಿಳಿಯಿತು ಎಂದು ಅವಳು ಕೇಳಿದಳು. "ನಂಗೆಂತ ಗೊತ್ತು ಮಾರಾಯ್ತಿ," ಎಂದ ಅವನು. "ಏಳೂವರೆ ಆದ್ರೂ ನೀನು ಮನೆಗೆ ಬರ್ಲಿಲ್ಲ ಅಂತ ನಿನ್ನಣ್ಣ ಫೋನ್ ಮಾಡಿದ. ಅಳಿವೆ ಕಡೆ ನೋಡ್ಲೇಬೇಡ, ಸೀದಾ ಬಂಡೆಗೆ ಹೋಗು ಅಂದ."

ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದವಳು ಅಣ್ಣನ ಮಡಿಲಲ್ಲಿ ತಲೆಯಿಟ್ಟಳು. ಬಹಳ ಹೊತ್ತು ಅವನು ಅವಳ ಒದ್ದೆ ಕೂದಲನ್ನು ಸವರಿದ. ಆಮೇಲೆ ಹೇಳಿದ.

"ಅಳಿವೆ ಮರಳು ಕಪ್ಪು, ನುಣ್ಣಗೆ. ನಿನ್ನ ಹಲಗೆಯಿಂದ ನಾನು ದಿನಾ ಕೆರೆದದ್ದು ಕೆಂಪು ಮರಳು, ಚಿಪ್ಪಿನ ಚೂರು. ಮೊದಲ ದಿನವೇ ಗೊತ್ತಾಯ್ತು. ದೋಣಿಯವರನ್ನ ಕೇಳಿದೆ, ದಿಬ್ಬ ಹೋಗಿದೆ ಅಂದ್ರು. ಅವತ್ತು ನೀನು ಮಲಗಿದ ಮೇಲೆ ಅತ್ತೆ."

"ಮತ್ತೆ ಯಾಕಣ್ಣ ದಿನಾ ಅಳಿವೆ ಅಂತ ಬರೀತಿದ್ದೆ?"

"ಬಂಡೆ ಅಂತ ಬರೆದಿದ್ರೆ ನೀನು ನಾಚ್ಕೊಳ್ತಿದ್ದೆ. ಆಮೇಲೆ ನನ್ನ ಹತ್ರ ಕೂತು ಅಲೆ ಕತೆ ಹೇಳ್ತಿದ್ಯಾ? ಅದಕ್ಕೇ ಹೆಸರು ಅಳಿವೆದು ಬರೆದೆ, ಹೊತ್ತು ಬಂಡೆದು ಬರೆದೆ."

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಮರುದಿನ ಸ್ಲೇಟಿನಲ್ಲಿ ಬಂಡೆ ಎಂದೇ ಬರೆದಿತ್ತಂತೆ ಎಂದು ಸೇರಿಸಿದರು. ಹೊಸ ಹಲಗೆ ಬಂದು ಗಾಯ ಮಾಯುವ ತನಕ ಅವಳು ನೀರಿಗೆ ಇಳಿಯುವಂತಿರಲಿಲ್ಲ. ಆದರೂ ಬರೆದಿದ್ದನಂತೆ. ಇಬ್ಬರೂ ಅದನ್ನು ನೋಡಿ ನಕ್ಕರಂತೆ.

ತಪ್ಪೇ ಎಂದು ತಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತೋ ಇಲ್ಲವೋ ಹೊನ್ನಯ್ಯನಿಗೆ ಹೊಳೆಯಲಿಲ್ಲ. ಆ ಬಂಡೆಯ ಮೇಲೆ ಕುಳಿತವಳೊಬ್ಬಳೇ ಅವನ ಕಣ್ಣ ಮುಂದಿದ್ದಳು. ನಾಳೆ ಗೆಳೆಯನಿಗೆ ಈ ಕತೆಯನ್ನು ಹೇಳುತ್ತೇನೆ ಎಂದು ಮೆಲ್ಲಗೆ ಹೇಳಿ ಕಾಲಿಗೆರಗಿದ.

ಗುರುಗಳು ಕೋಲೂರಿ ಎದ್ದರು. ಒಳಗೆ ಹೋಗುವವರು ಹೊಸ್ತಿಲಲ್ಲಿ ನಿಂತು, ಅವನ ಕಡೆ ತಿರುಗದೆಯೇ ಹೇಳಿದರು.

"ಇದನ್ನೂ ಹೇಳು ಅವನಿಗೆ: ನಿನ್ನೆಯ ಮಳೆಗೆ ಹಿಂಬಾಗಿಲ ಸೌದೆ ನೆನೆದಿದೆ, ಬೆಳಿಗ್ಗೆಗೆ ಒಣಗಿದ್ದನ್ನು ಆರಿಸಿ ಒಲೆಯ ಪಕ್ಕದಲ್ಲೇ ಇಟ್ಟಿದ್ದೇನೆ."