ಕಲ್ಲಿನ ಬಾಯಿಗೆ ಒಂದೇ ಹಿಡಿ

ಚಲೇಜಾವ್ ಚಳವಳಿಯ ಕಾಲ. ಪೂಜ್ಯ ನೀಲಕಂಠಾವಧೂತರು ಜೈಲಿನ ಖೋಲಿಯೊಂದರಲ್ಲಿ ಗೋಣಿತಟ್ಟಿನ ಮೇಲೆ ಕುಳಿತು ಬೀಸುಕಲ್ಲಿನಲ್ಲಿ ಜೋಳ ಬೀಸುತ್ತಿದ್ದರು. ಭೂಗತರಾಗಿದ್ದ ಹುಡುಗರಿಗೆ ಮಠದಲ್ಲಿ ಅನ್ನವಿಕ್ಕಿದ್ದೇ ಅವರ ಅಪರಾಧ. ಯಾರ್ಯಾರು ಬಂದಿದ್ದರೆಂದು ಮ್ಯಾಜಿಸ್ಟ್ರೇಟರು ಕೇಳಿದಾಗ, "ಉಣ್ಣಾಕ ಬಂದವರ ಹೆಸರು ಕೇಳೂ ಪದ್ಧತಿ ನಮ್ಮ ಮಠದಾಗಿಲ್ಲ" ಎಂದಿದ್ದರಂತೆ. ಸ್ವಾಮಿಗಳೆಂದು ಕೊಡಬಂದ ಬೇರೆ ಕೋಣೆಯನ್ನೂ ಒಲ್ಲೆನೆಂದರು.

ಈ ಪ್ರಸಂಗವನ್ನು ನನಗೆ ಹೇಳಿದವರು ಪೈಲ್ವಾನ್ ದ್ಯಾಮಪ್ಪಜ್ಜ. ಆಗ ಅವರಿಗೆ ಇಪ್ಪತ್ತಾರು ವಯಸ್ಸು. ಟೆಲಿಗ್ರಾಫ್ ತಂತಿ ಕತ್ತರಿಸಿದ್ದಕ್ಕೆ ಎರಡು ವರ್ಷದ ಸಜೆ. ನಾಲ್ಕು ತಿಂಗಳು ಕಳೆದ ಮೇಲೆ ಪೂಜ್ಯರ ಎದುರಿಗೆ, ಅದೇ ಕಲ್ಲಿನ ಗೂಟಕ್ಕೆ ಅವರನ್ನು ಜೋಡಿ ಹಾಕಿದ್ದರು.

ದೇವರು ದಿಂಡರೆಂದರೆ ದ್ಯಾಮಪ್ಪನಿಗೆ ನಗೆ. "ಅಜ್ಜಾರ, ಊರ ಮಂದಿ ನಿಮ್ಮ ಕಾಲಿಗೆ ಬೀಳತಾರ. ಆ ಬೀಗಕ್ಕ ಒಂದು ಮಾತು ಹೇಳ್ರಲಾ, ತಾನ ಕಳಚಿ ಬೀಳಲಿ!"

"ಈ ಕಲ್ಲ ನನ್ನ ಮಾತು ಕೇಳವಲ್ದು, ಬೀಗ ಎಲ್ಲಿ ಕೇಳತೈತೋ ತಮ್ಮಾ" ಎಂದು ಪೂಜ್ಯರೂ ನಕ್ಕರು.

ಬೇಗ ಮುಗಿಸುವ ಆತುರದಲ್ಲಿ ದ್ಯಾಮಪ್ಪ ಬೊಗಸೆ ಬೊಗಸೆ ಕಾಳು ಸುರಿಯುತ್ತಿದ್ದ. ಹಾಗೆ ಸುರಿದರೆ ಕಲ್ಲು ಹಗುರಾಗಿ ತಿರುಗುತ್ತದೆ, ಆದರೆ ಉದುರುವುದು ಹಿಟ್ಟಲ್ಲ, ನುಚ್ಚು. ಕೈದಿಗಳ ಕೆಲಸ ನೋಡುವ ಮುಕಾದಮ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಏನೋ ಪೈಲ್ವಾನ, ಕೋಳಿ ಸಾಕೀ ಏನು?" ಎಂದವನೇ ಇಬ್ಬರ ರೊಟ್ಟಿಯನ್ನೂ ನಿಲ್ಲಿಸಿದ. ಎರಡು ದಿನ ಹೀಗೇ ಆಯಿತು. ಪೂಜ್ಯರು ನೀರು ಕುಡಿದು ಶಿವನಾಮ ನುಡಿದು ಮಲಗಿದರು.

ಮೂರನೆಯ ದಿನ ಊರಿನಿಂದ ಕಾಗದ ಬಂತು. ದ್ಯಾಮಪ್ಪನ ತಾಯಿ ಬರೆಸಿದ್ದಳು: "ಕಣ್ಣು ಮಂಜಾಗ್ಯಾವು. ನಿನ್ನ ಮಾರಿ ಕಾಣೂವಷ್ಟು ಬೆಳಕು ಇದ್ದಾಗ ಬಾ ಮಗನ." ಅದನ್ನು ಮೊದಲೇ ಓದಿದ್ದ ಜೈಲರು ಮುಚ್ಚಳಿಕೆ ಪತ್ರ ಮುಂದಿಟ್ಟರು. ಜೊತೆಗಾರರಿಬ್ಬರು ಅಡಗಿದ್ದ ಮನೆಯ ಹೆಸರು ಬರೆದು ಸಹಿ ಮಾಡಿದರೆ ನಾಳೆಯೇ ಬಿಡುಗಡೆ. ಸಂಜೆಯವರೆಗೆ ವಾಯಿದೆ.

ಅಂದು ದ್ಯಾಮಪ್ಪ ಕಲ್ಲಿನ ಮುಂದೆ ಕುಳಿತು ಕಾಳು ಸುರಿಯುತ್ತಲೇ ಹೋದ. "ಇನ್ನ ಇಪ್ಪತ್ತು ತಿಂಗಳು ಐತ್ರಿ ಅಜ್ಜಾರ! ಹೆಂಗ ತಳ್ಳಲಿ? ಅಲ್ಲೀತನಕ ಅವ್ವನ ಕಣ್ಣು ಕಾಯತಾವೇನು?"

ಪೂಜ್ಯರು ಕಲ್ಲು ನಿಲ್ಲಿಸಿದರು. ಅದರ ಬಾಯಿಯ ಮೇಲಿನ ಕಾಳಿನ ರಾಶಿಯನ್ನು ಅಂಗೈಯಿಂದ ಸರಿಸಿ ಒಂದು ಹಿಡಿಯಷ್ಟೇ ಉಳಿಸಿದರು.

"ಇಪ್ಪತ್ತು ತಿಂಗಳು ಒಮ್ಮೆಲೇ ಸುರೀಬ್ಯಾಡ, ತಮ್ಮಾ. ಇವತ್ತಿಂದು ಇಷ್ಟ ಹಾಕು. ಗೂಟಕ್ಕ ನನ್ನ ಕೈನೂ ಐತಲ್ಲ."

ಆಗ ದ್ಯಾಮಪ್ಪ ಆ ಕೈಯನ್ನು ನೋಡಿದ. ಅರವತ್ತು ದಾಟಿದ ಅಂಗೈಯಲ್ಲಿ ಬೊಬ್ಬೆಗಳು ಒಡೆದು, ಗೂಟಕ್ಕೆ ರಕ್ತ ಮೆತ್ತಿತ್ತು. ತನ್ನ ನುಚ್ಚಿನ ದೆಸೆಯಿಂದ ಉಪವಾಸವಿದ್ದೂ ಎರಡು ದಿನ ಆ ಕೈ ಗೂಟ ಬಿಟ್ಟಿರಲಿಲ್ಲ.

ಸಂಜೆ ಜೈಲರು ಬಂದು ಕೇಳಿದಾಗ ಅವನು, "ಇವತ್ತು ಬೀಸೂದೈತ್ರಿ, ಸಾಹೇಬ್ರ" ಎಂದು ಪತ್ರವನ್ನು ಸಹಿಯಿಲ್ಲದೆ ಮರಳಿಸಿದ. ಮರುದಿನ ಮತ್ತೆ ಕೇಳಿದಾಗಲೂ ಅದೇ ಉತ್ತರ. ಹೀಗೆ ಇಪ್ಪತ್ತು ತಿಂಗಳು ಕಳೆದವು.

ಊರಿಗೆ ಬಂದಾಗ ತಾಯಿಯ ಕಣ್ಣು ಪೂರ್ತಿ ಹೋಗಿತ್ತು. ಆಕೆ ಮಗನ ಮುಖವನ್ನು ಬೆರಳಲ್ಲೇ ಕಂಡಳು. ಮರುದಿನ ಬೆಳಿಗ್ಗೆ ಅವನು ಬೀಸಿದ ಹಿಟ್ಟನ್ನೂ ಅದೇ ಬೆರಳಲ್ಲಿ ಮುಟ್ಟಿ, "ಇಷ್ಟು ಸಣ್ಣಗ ಬೀಸಾಕ ಯಾರು ಕಲಿಸಿದರೋ?" ಎಂದಳು. ಹೆಸರು ಕೇಳಿದೊಡನೆ ಮಠವಿದ್ದ ದಿಕ್ಕಿಗೆ ಕೈ ಮುಗಿದಳು.

ತಾಯಿ ತೀರಿದ ಮೇಲೆ ದ್ಯಾಮಪ್ಪ ಮಠಕ್ಕೇ ಬಂದುಬಿಟ್ಟರು. ಪೂಜ್ಯರು ಲಿಂಗೈಕ್ಯರಾದ ಮೇಲೂ, ಊರಿಗೆ ಗಿರಣಿ ಬಂದ ಮೇಲೂ, ಪ್ರಸಾದದ ಹಿಟ್ಟನ್ನು ಕೈಯಲ್ಲೇ ಬೀಸುತ್ತಿದ್ದರು. ನನಗೆ ಇದನ್ನೆಲ್ಲ ಹೇಳಿದ್ದೂ ಬೀಸುತ್ತಲೇ. ಮುದುಕರಿಗೆ ನೆರವಾಗೋಣವೆಂದು ನಾನು ಬೊಗಸೆ ತುಂಬ ಜೋಳ ತೆಗೆದುಕೊಂಡೆ. ಅಜ್ಜ ಮಾತು ನಿಲ್ಲಿಸಿ, ಮೆಲ್ಲಗೆ ನನ್ನ ಕೈ ಹಿಡಿದರು.