ಹೂಂ ಅನ್ನೋ ಮೂಡ್ಲಯ್ಯ

ಕತೆ ಹೇಳೋಳಿಗೆ ಬಾಯಿದ್ರೆ ಸಾಲ್ದು ಕಣ್ರಪ್ಪ, ಕೇಳೋರಿಗೆ ಹೂಂ ಅನ್ನೋ ನಾಲಿಗೆನೂ ಇರ್ಬೇಕು. ಹೂಂಗುಟ್ಟಿದ್ರೆ ಹೇಳ್ತೀನಿ. ಇಲ್ಲಾಂದ್ರೆ ಎದ್ದೋಗಿ ಮುದ್ದೆ ಉಂಡು ಮಲಗಿ, ನಂಗೂ ಕಾಲು ನೋಯ್ತದೆ. ಹೂಂ. ಹಂಗೆ ಅನ್ನಿ.

ಬಲು ಹಿಂದೆ, ನನ್ನ ಅಜ್ಜಿಯ ಅಜ್ಜಿ ತೊಟ್ಟಿಲಲ್ಲಿ ಕಾಲಾಡಿಸ್ತಿದ್ದಾಗಲೋ, ಅದಕ್ಕೂ ಮುಂಚೆಯೋ, ಒಂದೂರಿತ್ತಂತೆ. ಊರ ಮುಂದೆ ಬೇವಿನ ಮರ, ಮರದ ಸುತ್ತ ಕಲ್ಲುಕಟ್ಟೆ. ವ್ಯಾಜ್ಯ ಅಂತ ಏನೇ ಬರಲಿ, ಊರಗೌಡನೂ ಹಿರೀಕರೂ ಆ ಕಟ್ಟೆ ಮೇಲೆ ಕೂತು ತೀರ್ಮಾನ ಮಾಡ್ತಿದ್ರಂತೆ. ಆದ್ರೆ ಅಲ್ಲೊಂದು ಕಟ್ಟುಪಾಡು. ಪರವಾಗಿ ನಿಲ್ಲೋನು ಒಬ್ಬ ಇಲ್ಲದೆ ಯಾರೂ ಕಟ್ಟೆ ಮುಂದೆ ತುಟಿ ಬಿಚ್ಚೋ ಹಂಗಿರಲಿಲ್ಲ. ಎದ್ದು ಮಾತಾಡ್ತಿದ್ದದ್ದು ಅವನೇ, ಅವನನ್ನ ಬಾಯಾಳು ಅಂತ ಕರೀತಿದ್ರಂತೆ.

ಬಾಯಾಳು ಸುಮ್ಮನೆ ಬರ್ತಾನಾ? ಹಸು ಗೆದ್ದುಕೊಟ್ರೆ ಕರು ಅವನದು, ಹೊಲ ಗೆದ್ದುಕೊಟ್ರೆ ಮೊದಲ ಬೆಳೆ ಅವನದು. ಹಿಂಗಾಗಿ ಇದ್ದೋರು ಬಾಯಾಳು ಇಟ್ಕೊಂಡ್ರು, ಇಲ್ಲದೋರು ಬಾಯಿ ಮುಚ್ಕೊಂಡ್ರು. ನ್ಯಾಯ ಇತ್ತು, ಇಲ್ಲ ಅಂತೀನಾ? ಬಡವರ ಪಾಲಿಗೆ ಅದು ಅಟ್ಟದ ಮೇಲಿತ್ತು, ಏಣಿ ಇರಲಿಲ್ಲ.

ಆ ಊರಲ್ಲಿ ಮೂಡ್ಲಯ್ಯ ಅಂತ ಒಬ್ಬ ಇದ್ದನಂತೆ, ಕಂಬಳಿ ನೇಯೋನು. ಅವನಿಗೆ ಮಾತು ತೊದಲು. ಒಂದು ಮಾತು ಶುರು ಮಾಡಿದ್ರೆ ಅದು ಮುಗಿಯೋ ಹೊತ್ತಿಗೆ ತಟ್ಟೇಲಿರೋ ಮುದ್ದೆ ಆರಿಹೋಗೋದಂತೆ. ನಗಬೇಡಿ, ಊರೆಲ್ಲ ನಕ್ಕಿದ್ದು ಸಾಲ್ದಾ? ಅದಕ್ಕೇ ಅವನು ಮಾತು ಕಮ್ಮಿ ಮಾಡಿ ಕಿವಿ ಜಾಸ್ತಿ ಮಾಡ್ಕೊಂಡ. ಹಾದು ಹೋಗೋರು ಅವನ ಜಗಲಿ ಮೇಲೆ ಕೂತು ಕಷ್ಟ ಹೇಳ್ಕೋತಿದ್ರಂತೆ. ಅವನು ನೇಯ್ತಾ ನೇಯ್ತಾ ಹೂಂ ಅಂತಿದ್ದನಂತೆ. ಆ ಹೂಂ ಒಂದು ಮಾತ್ರ ಅವನ ಬಾಯಲ್ಲಿ ತೊದಲ್ತಿರಲಿಲ್ಲ.

ಒಂದಿನ ಆ ಜಗಲಿಗೆ ಓಬಕ್ಕ ಬಂದಳಂತೆ. ಗಂಡ ಸತ್ತೋಳು, ಕಂಕುಳಲ್ಲಿ ಹೆಣ್ಣು ಕೂಸು. ಅವಳ ಗಂಡ ಕಾಮಗೌಡನ ಕುರಿ ಕಾಯ್ತಿದ್ದ. ಹಿಂದೊಮ್ಮೆ ಹಳ್ಳ ಬಂದು ಮಂದೆ ಸಿಕ್ಕಾಕ್ಕೊಂಡಾಗ, ನೀರಿಗೆ ಹಾರಿ ಮರಿಗಳನ್ನೆಲ್ಲ ದಡ ಸೇರಿಸಿದ್ದನಂತೆ. ಕಾಮಗೌಡ ಊರೋರ ಎದುರೇ, ಕುರಿಹಟ್ಟಿ ಪಕ್ಕದ ಮನೆ ನಿಂದು, ನಿನ್ನ ಮಕ್ಕಳು ಮರಿಗೂ ನಿಂದೇ ಅಂದಿದ್ದನಂತೆ. ಕೊಟ್ಟೋನೂ ಸತ್ತ, ಇಸ್ಕೊಂಡೋನೂ ಸತ್ತ. ಈಗ ಕಾಮಗೌಡನ ಮಗ ಚಿತ್ತೇಗೌಡನಿಗೆ ಹಟ್ಟಿ ದೊಡ್ಡದು ಮಾಡ್ಬೇಕಾಗಿತ್ತು. ಮನೆ ಬಿಡು ಅಂತ ಕೂತ. ಬಿಟ್ಟರೆ ಓಬಕ್ಕನಿಗೆ ಆ ಕೂಸು ಮಲಗಿಸೋಕೆ ಬೇರೆ ನೆರಳಿಲ್ಲ.

ಓಬಕ್ಕ ಇದನ್ನೆಲ್ಲ ಹೇಳಿ ಮೂಗು ಒರೆಸ್ಕೊಂಡಳಂತೆ. ಮೂಡ್ಲಯ್ಯ ಹೂಂ ಅಂದ. ಆಮೇಲೆ ತೊದಲ್ಕೊಂಡು ತೊದಲ್ಕೊಂಡು, ನಿನ್ನ ಕಡೇದು ಆಯ್ತು ತಾಯಿ, ಈಗ ಅವನ ಕಡೇದೂ ನೀನೇ ಹೇಳು ಅಂದನಂತೆ.

ಅವಳಿಗೆ ಉರಿದುಹೋಯ್ತು. ನೀನು ನನ್ನ ಕಡೆಯೋನೋ, ಅವನ ಕಡೆಯೋನೋ ಅಂತ ರೇಗಿದಳಂತೆ.

"ನಿನ್ನ ಹುಳುಕು ನಿನ್ನ ಬಾಯಲ್ಲೇ ಬರಲಿ ತಾಯಿ," ಅಂದನಂತೆ ಮೂಡ್ಲಯ್ಯ. "ಅವರ ಬಾಯಲ್ಲಿ ಬಂದ್ರೆ ಊರೆಲ್ಲ ನಾರ್ತದೆ."

ಓಬಕ್ಕ ನೆಲ ನೋಡಿದಳಂತೆ. ಏನೂ ಇಲ್ಲ ಅಂದಳಂತೆ. ಅವನು ನೇಯ್ತಲೇ ಇದ್ದ. ಆಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತಳಂತೆ.

"ಮನೆ ಬಿಡ್ತೀನಿ ಅಂತ ನಾನೇ ಅಂದಿದ್ದೀನಿ ಕಣಣ್ಣಾ. ನಾಲ್ಕು ಜನರ ಎದುರು ಅಂದಿದ್ದೀನಿ."

ಯಾಕಂದಳು ಕೇಳಿ. ಅಲ್ಲಿ ಹತ್ತಿರಕ್ಕಿದ್ದದ್ದು ಹಟ್ಟಿಯ ಬಾವಿ ಒಂದೇ. ಚಿತ್ತೇಗೌಡ ಆ ಬಾವಿಯ ಸೇದೋ ಹಗ್ಗ ಬಿಚ್ಚಿಸಿ ಒಳಗಿಡಿಸಿದ್ದ. ಕೂಸಿಗೆ ಮೈ ಸುಡೋ ಜ್ವರ, ತುಟಿ ಒಣಗಿ ಬಿರಿದಿತ್ತು. ಬಿಡ್ತೀನಿ ಅನ್ನು, ಹಗ್ಗ ಕೊಡ್ತೀನಿ ಅಂದ. ಇವಳು ಅಂದಳು. ಯಾವ ತಾಯಿ ಅನ್ನಲ್ಲ ಹೇಳಿ? ಥೂ, ಇದನ್ನ ಹೇಳುವಾಗ ಇವತ್ತಿಗೂ ನನ್ನ ಹೊಟ್ಟೆ ಉರೀತದೆ. ಆದ್ರೆ ಅವಳಿಗೆ ಕೊಟ್ಟ ಮಾತಿಗೆ ತಪ್ಪಿದೋಳು ಅನ್ನಿಸ್ಕೊಳ್ಳೋ ಭಯ. ಅದಕ್ಕೇ ಮುಚ್ಚಿಟ್ಟಿದ್ದಳು.

ನಾನು ನಿನ್ನ ಬಾಯಾಳಾಗಿ ಬರ್ತೀನಿ, ನಂಗೇನೂ ಬೇಡ ಅಂದನಂತೆ ಮೂಡ್ಲಯ್ಯ.

ಒಳಗಿದ್ದ ಅವನ ಹೆಂಡತಿ ಗಿರಿಯಕ್ಕನಿಗೆ ಇದು ಕೇಳಿಸ್ತು. ಅವಳು ಕೆಟ್ಟೋಳಲ್ಲ, ಆದ್ರೆ ಒಲೆ ಹಚ್ಚೋಳಿಗೆ ಒಲೆಯ ಚಿಂತೆ. ಇವರ ಮಗ್ಗಕ್ಕೆ ಉಣ್ಣೆ ಬರ್ತಿದ್ದದ್ದು ಅದೇ ಚಿತ್ತೇಗೌಡನ ಮಂದೆಯಿಂದ. "ಉಣ್ಣೆ ಕೊಡೋನ ಎದುರು ನಿಂತ್ರೆ ನಾಳೆ ಏನ್ ನೇಯ್ತೀಯ? ನನ್ನ ತಲೆಗೂದಲ?" ಅಂದಳಂತೆ. ಮೂಡ್ಲಯ್ಯ ಅದಕ್ಕೂ ಹೂಂ ಅಂದನಂತೆ!

ಕಟ್ಟೆ ಕೂಡೋ ದಿನ ಬಂತು. ಮೂಡ್ಲಯ್ಯ ಹೆಗಲ ಮೇಲಿದ್ದ ಕರೀ ಕಂಬಳಿ ತೆಗೆದು ಕಟ್ಟೆ ಕೆಳಗೆ ಹಾಸಿದನಂತೆ. ಹಾಸಿದ ಕಂಬಳಿ ಅಂದ್ರೆ ಗದ್ದುಗೆ ಅಂತ ನಮ್ಮೋರ ನಂಬಿಕೆ. ಅದರ ಮೇಲೆ ಕೂತು ಸುಳ್ಳಾಡೋ ಹಂಗಿಲ್ಲ, ಕೂತೋರನ್ನ ಎಬ್ಬಿಸೋ ಹಂಗೂ ಇಲ್ಲ. ಓಬಕ್ಕನನ್ನ ಅದರ ಮೇಲೆ ಕೂರಿಸಿ, ತಾನು ಮಾತಾಡೋಕೆ ಎದ್ದು ನಿಂತ. ನಾಲಿಗೆ ಹಿಡಿದುಕೊಳ್ತು. ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಜನ ಹೋ ಅಂತ ನಕ್ಕರಂತೆ. ಚಿತ್ತೇಗೌಡನ ಬಾಯಾಳು ಅಂತೂ ಹೊಟ್ಟೆ ಹಿಡ್ಕೊಂಡು ನಕ್ಕನಂತೆ.

ಮೂಡ್ಲಯ್ಯ ಓಡಿಹೋಗಲಿಲ್ಲ. ಕಂಬಳಿ ಮೇಲೆ ಓಬಕ್ಕನ ಪಕ್ಕ ಕೂತುಬಿಟ್ಟ. ಅವಳ ಮುಖ ನೋಡಿ ಹೂಂ ಅಂದ. ಹೇಳು ಅಂತ.

ಓಬಕ್ಕ ಶುರು ಮಾಡಿದಳು. ಎದುರಿನ ಬಾಯಾಳು ತಕ್ಷಣ ಅಡ್ಡ ಬಂದ. ಇವಳೇ ಮಾತಾಡ್ತಾಳಲ್ಲ, ಇದ್ಯಾವ ಕಟ್ಟುಪಾಡು ಅಂದ. ಊರಗೌಡ ಮೂಡ್ಲಯ್ಯನ ಕಡೆ ತಿರುಗಿ, ಇವಳಾಡೋ ಮಾತು ನಿನ್ನ ಮಾತೇನಪ್ಪ ಅಂತ ಕೇಳಿದನಂತೆ.

"ಹೂಂ."

ಒಂಚೂರೂ ತೊದಲಲಿಲ್ಲ. ಗೌಡ ಹಿರೀಕರ ಮುಖ ನೋಡಿದ, ಹಿರೀಕರು ಗೌಡನ ಮುಖ ನೋಡಿದ್ರು. ಬಾಯಾಳು ಇದ್ದಾನೆ, ಒಪ್ತಾನೆ, ಇನ್ನೇನು? ಹೇಳವ್ವಾ ಅಂದ ಗೌಡ.

ಓಬಕ್ಕ ಎಲ್ಲಕ್ಕೂ ಮೊದಲು ತನ್ನ ಹುಳುಕೇ ಎತ್ತಿ ಇಟ್ಟಳಂತೆ. "ಮನೆ ಬಿಡ್ತೀನಿ ಅಂತ ನಾನೇ ಅಂದಿದ್ದೀನಿ ಸ್ವಾಮಿ. ಬಾವಿಗೆ ಹಗ್ಗ ಇರಲಿಲ್ಲ. ಕೂಸು ಸಾಯ್ತಿತ್ತು. ಒಂದು ಬಿಂದಿಗೆ ನೀರಿಗೆ ಅಂದೆ." ಹೂಂ ಅಂದ ಮೂಡ್ಲಯ್ಯ. ಆಮೇಲೆ ಹಳ್ಳದ ಕತೆ, ಕಾಮಗೌಡ ಕೊಟ್ಟ ಮಾತು, ಒಂದೊಂದೇ ಹೇಳಿದಳು. ಒಂದೊಂದಕ್ಕೂ ಪಕ್ಕದಿಂದ ಹೂಂ.

ಚಿತ್ತೇಗೌಡನ ಬಾಯಾಳು ಕೊಟ್ಟ ಮಾತಿಗೆ ತಪ್ಪಿದೋಳು ಅಂತ ಅವಳನ್ನ ಬೀದಿಗೆಳೆಯೋಕೆ ಅಂತಲೇ ಬಂದಿದ್ದ. ಅದನ್ನೇ ಅವಳು ಮೊದಲು ಹೇಳಿಬಿಟ್ಟಳು. ಅವನ ಹತ್ತಿರ ಬೇರೇನಿತ್ತು, ಮಣ್ಣು!

ಊರಗೌಡ ಚಿತ್ತೇಗೌಡನ್ನ ಒಂದೇ ಒಂದು ಕೇಳಿದನಂತೆ. ಬಾವಿ ಹಗ್ಗ ಬಿಚ್ಚಿಸಿದ್ದು ಹೌದೋ ಅಲ್ಲವೋ? ಚಿತ್ತೇಗೌಡ ತಲೆ ತಗ್ಗಿಸಿದ. ನಗ್ತಿದ್ದ ಜನವೇ ಥೂ ಅಂದ್ರು. ನೀರು ಅಡ್ಡಗಟ್ಟಿದ ಪಾಪ ನಮ್ಮ ಸೀಮೇಲಿ ಯಾವ ಹೊಳೇಲಿ ಮುಳುಗಿದ್ರೂ ಹೋಗಲ್ಲ ಕಣ್ರಪ್ಪ. "ಬಾಯಾರಿದೋರ ಮಾತು ಮಾತಲ್ಲ, ಮನೆ ಓಬಕ್ಕಂದೇ" ಅಂದನಂತೆ ಗೌಡ. ಬಾಯಾರಿದೋರ ಮಾತು ಮಾತಲ್ಲ ಅನ್ನೋ ಗಾದೆ ಹುಟ್ಟಿದ್ದು ಅವತ್ತೇ ಅಂತಾರೆ.

ಓಬಕ್ಕ ತನ್ನಲ್ಲಿದ್ದ ಒಂದು ಮೇಕೆಮರಿ ಹಿಡ್ಕೊಂಡು ಮೂಡ್ಲಯ್ಯನ ಮನೆಗೆ ಬಂದಳಂತೆ. ಅವನು ಒಲ್ಲೆ ಅಂದ. ಮುಂದೆ ಯಾರಾದ್ರೂ ದಿಕ್ಕಿಲ್ಲದೋರು ಕಟ್ಟೆಗೆ ಹೋದ್ರೆ, ಕೆಲಸ ಬಿಟ್ಟು ಅವರ ಪಕ್ಕ ಕೂತ್ಕೋ, ಅಷ್ಟು ಸಾಕು ಅಂದನಂತೆ. ಅವಳು ಕೂತಳು. ಅವಳು ಯಾರ ಪಕ್ಕ ಕೂತಳೋ ಅವರು ಇನ್ನೊಬ್ಬರ ಪಕ್ಕ ಕೂತರು. ಊರಲ್ಲಿ ಬಾಯಾಳಿಗೆ ಕರು ಕೊಡೋ ಪದ್ಧತಿ ಹಂಗೇ ಸವೆದುಹೋಯ್ತಂತೆ.

ಗಿರಿಯಕ್ಕ ಅಂದದ್ದೂ ನಿಜವಾಯ್ತು. ಚಿತ್ತೇಗೌಡ ಉಣ್ಣೆ ನಿಲ್ಲಿಸಿದ. ಮಗ್ಗ ಬರಿದಾಯ್ತು. ಆಗ ಊರ ಬಡವರು ಏನು ಮಾಡಿದ್ರು ಗೊತ್ತಾ? ಕುರಿ ಹಾದುಹೋದ ದಾರೀಲಿ ಜಾಲಿ ಮುಳ್ಳಿಗೆ ಸಿಕ್ಕಿ ಉಳಿದ ಉಣ್ಣೆ ಇರ್ತದಲ್ಲ, ಅದನ್ನ ಬಿಡಿಸಿ ಬಿಡಿಸಿ ತಂದು ಅವನ ಜಗಲಿ ಮೇಲಿಟ್ಟರಂತೆ. ಕರೀದು, ಬಿಳೀದು, ಕಂದು, ಸಿಕ್ಕಿದ್ದೆಲ್ಲ. ಅದನ್ನೇ ಕೂತು ನೂತು ಕೊಟ್ಟೋಳು ಗಿರಿಯಕ್ಕ. ಅವನು ಸಾಯೋತನಕ ಆ ಮುಳ್ಳುಣ್ಣೆ ಕಂಬಳಿಯನ್ನೇ ನೇಯ್ದನಂತೆ.

ಆಮೇಲೆ ಕತೆ ಬೆಳೀತು ಬಿಡಿ. ಅವನು ಹೂಂ ಅಂದ್ರೆ ಬೇವಿನ ಮರವೂ ಹೂಂ ಅಂತಿತ್ತಂತೆ. ಸುಳ್ಳು ಹೇಳಿದೋರಿಗೆ ಕಂಬಳಿ ಚುಚ್ತಿತ್ತಂತೆ. ಕಂಬಳಿ ಯಾರಿಗೆ ಚುಚ್ಚಲ್ಲ? ನಾನಂತೂ ನಂಬಲ್ಲ. ಆದ್ರೆ ಒಬ್ಬ ತೊದಲ ಒಬ್ಬ ಹೆಂಗಸಿನ ಪಕ್ಕ ಕೂತಿದ್ದ ಅನ್ನೋದನ್ನ ನಂಬ್ತೀನಿ.

ಈಗಲೂ ನಮ್ಮ ಕಡೆ ಯಾರಿಗಾದ್ರೂ ಕೋರ್ಟಿನ ವಾಯಿದೆ ಬಂದ್ರೆ ಒಬ್ಬರನ್ನೇ ಕಳಿಸಲ್ಲ. ಯಾರಾದ್ರೂ ಒಬ್ಬರು ಕೂಲಿ ಬಿಟ್ಟು ಜೊತೆಗೆ ಹೋಗ್ತಾರೆ, ಸೆರಗಿನ ತುದೀಲಿ ಮುಳ್ಳಿಂದ ಬಿಡಿಸಿದ ಒಂದೆಳೆ ಉಣ್ಣೆ ಗಂಟು ಹಾಕ್ಕೊಂಡು. ಈಗ ಬಡವರಿಗೆ ಸರ್ಕಾರದೋರೇ ಪುಕ್ಕಟೆ ವಕೀಲರನ್ನ ಕೊಡ್ತಾರೆ, ಒಳ್ಳೇದು, ಹೊಟ್ಟೆ ತಣ್ಣಗಿರಲಿ. ಮಾತಾಡೋಕೆ ಅವರಿದ್ದಾರೆ. ಪಕ್ಕದಲ್ಲಿ ಕೂರೋಕೆ?

ಅಗೋ, ಆ ಮೂಲೇಲಿ ಮುದುಡಿ ಕೂತವಳೆ ನೋಡಿ ನಮ್ಮ ಹನುಮಕ್ಕ. ಮನೆ ಖಾಲಿ ಮಾಡು ಅಂತ ಅವಳ ಮೈದುನ ಹಾಕಿರೋ ಕೇಸು ನಾಳೆ ಇದೆ. ಕತೆ ಶುರುವಾದಾಗಿಂದ ಒಂದು ಸಲಾನೂ ಹೂಂ ಅಂದಿಲ್ಲ ಪಾಪ, ಅಷ್ಟು ಹೆದರವಳೆ. ನಾನು ಹೋಗ್ತಿದ್ದೆ, ಈ ಹಾಳು ಕಾಲು ಬಸ್ಸು ಹತ್ತಲ್ಲ.

ಯಾರು ಹೋಗ್ತೀರಿ? ಇಷ್ಟೊತ್ತು ಚೆನ್ನಾಗಿ ಹೂಂಗುಟ್ತಿದ್ರಲ್ಲ, ಈಗ್ಯಾಕೆ ಸುಮ್ಮನಾದ್ರಿ? ಅನ್ನಿ.