ಮಾಳವ್ವನ ಕತ್ತಿ, ಪಾಳೇಗಾರನ ನಿದ್ದೆ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲದಲ್ಲಿ, ಒಂದು ಕೋಟೆಯೂರಲ್ಲಿ ಒಬ್ಬ ಪಾಳೇಗಾರ ಇದ್ದನಂತೆ. ಕಾಲು ಒದೀಬೇಡ ಮಗಾ, ನನ್ನ ಮಂಡಿ ಮೊದಲೇ ನೋಯ್ತಿದೆ. ಆ ಪಾಳೇಗಾರನಿಗೆ ನಿದ್ದೇನೇ ಬರ್ತಿರಲಿಲ್ಲವಂತೆ. ಹಾಸಿಗೇಲಿ ಬರದು, ಉಯ್ಯಾಲೇಲಿ ಬರದು. ಬೆಳಿಗ್ಗೆ ಕ್ಷೌರದ ಗಿರಿಯಪ್ಪ ಬಂದು ಗಡ್ಡ ಹೆರೆಯುವಾಗ ಮಾತ್ರ ಬಾಯಿ ಬಿಟ್ಕೊಂಡು ಗೊರಕೆ ಹೊಡೆಯೋನಂತೆ.

ಆಮೇಲೆ ಗಿರಿಯಪ್ಪನಿಗೆ ವಯಸ್ಸಾಯ್ತು, ಕೈ ನಡುಗೋಕೆ ಶುರುವಾಯ್ತು. ನಡುಗೋ ಕೈಗೆ ಯಾರಾದ್ರೂ ಕೆನ್ನೆ ಕೊಡ್ತಾರಾ? ಪಾಳೇಗಾರನ ನಿದ್ದೆ ಹೋಯ್ತು. ತಾನು ಮಲಗದವನು ಊರನ್ನ ಮಲಗೋಕೆ ಬಿಟ್ಟಾನಾ, ಹೊತ್ತಲ್ಲದ ಹೊತ್ತಲ್ಲಿ ನಗಾರಿ ಬಡಿಸೋನು, ಗೋಡೆ ಕಟ್ಟಿ ಅನ್ನೋನು, ಕೆಡವಿ ಅನ್ನೋನು, ಜನ ನಿಂತಲ್ಲೇ ತೂಕಡಿಸೋರಂತೆ. ಕಡೆಗೆ ಅಂದನಂತೆ, ಗಿರಿಯಪ್ಪಾ, ಅಮಾವಾಸ್ಯೆಯೊಳಗೆ ನಿನ್ನ ಮನೆಯೋರು ಯಾರಾದ್ರೂ ನನ್ನನ್ನ ಮಲಗಿಸಬೇಕು, ಇಲ್ಲಾಂದ್ರೆ ನೀನು ಊರು ಬಿಡಬೇಕು. ಆ ಮುದುಕ ಹಿತ್ತಿಲಿಗೆ ಹೋಗೋಕೂ ಮಗಳ ಭುಜ ಹಿಡೀಬೇಕು. ಊರು ಬಿಟ್ಟು ಎಲ್ಲಿಗೆ ಹೋಗ್ತಾನೆ ಹೇಳು.

ಅವನಿಗೆ ಮೂರು ಜನ ಮಕ್ಕಳು. ಎರಡು ಗಂಡು, ಕಡೆಯವಳು ಮಾಳವ್ವ. ಗಂಡುಮಕ್ಕಳು ಕುರಿ ಹಿಂದೆ ತಿರುಗಿದವರೇ ಹೊರತು ಕತ್ತಿ ಹಿಡಿದವರಲ್ಲ. ಮೊದಲು ದೊಡ್ಡವನು ದೊಡ್ಡೀರ ಹೋದನಂತೆ. ಕತ್ತೀನ ಚರ್ಮದ ಪಟ್ಟಿ ಮೇಲೆ ಉಜ್ಜುವಾಗ ಕತ್ತಿಯ ಬೆನ್ನು ಮುಂದಿರಬೇಕು, ಹರಿತದ ಬಾಯಿ ಹಿಂದೆ ಬರಬೇಕು. ಈ ಪುಣ್ಯಾತ್ಮ ಬಾಯಿ ಮುಂದೆ ಮಾಡಿ ತಳ್ಳಿದ. ಪಟ್ಟಿ ಸೀಳಿತು, ಕತ್ತಿ ಮೊಂಡಾಯ್ತು, ಆ ಮೊಂಡು ಕತ್ತೀಲೇ ಕೆರೆದ. ಪಾಳೇಗಾರ ಚೀರಿದ್ದು ಕೆರೆಯಾಚೆಗೂ ಕೇಳಿಸಿತಂತೆ. ಆಮೇಲೆ ನಡುವಿನವನು ಕಾಟಯ್ಯ ಹೋದ. ಅವನು ಸಾಣೆ ಕಲ್ಲಲ್ಲಿ ಮಸೆದೂ ಮಸೆದೂ ಹರಿತವೇನೋ ಮಾಡಿದ, ಗಡ್ಡ ನೆನೆಸೋದೇ ಮರೆತ, ಸೌದೆ ಸೀಳೋರ ಹಾಗೆ ಒತ್ತಿದ. ಮೂರು ಕಡೆ ಗಾಯ, ರಕ್ತ ನಿಲ್ಲೋಕೆ ಮೂರು ಕಡೆ ಪಟಿಕ. ಇಬ್ಬರನ್ನೂ ಕೋಟೆಗೆ ಕಲ್ಲು ಹೊರೋಕೆ ಹಾಕಿದ್ರಂತೆ.

ಉಳಿದವಳು ಮಾಳವ್ವ. ಅವಳಿಗೋ ನೀರು ಸೇದಿ, ರಾಗಿ ಬೀಸಿ, ಅಪ್ಪನಿಗೆ ಉಣಿಸಿ, ಈಗ ಅಣ್ಣಂದಿರ ಕುರೀನೂ ಕಾದು ಜೀವ ಸಾಕಾಗಿ ಹೋಗಿತ್ತು. ಆದ್ರೂ ಅಪ್ಪನನ್ನ ದಾರಿಗೆ ಬಿಡೋಕಾಗುತ್ತಾ? ಅಪ್ಪ, ನಂಗೆ ಕಲಿಸು ಅಂದಳಂತೆ. ಹೆಂಗಸಿನ ಕೈಲಿ ಕತ್ತಿಯೇ ಅಂತ ಊರೋರು ಆಡಿಕೊಂಡ್ರು. ಆಡಿಕೊಳ್ಳಲಿ, ಅವರ ಗಂಟೇನು ಹೋಯ್ತು.

ಗಿರಿಯಪ್ಪ ಎಳೇ ಬೂದುಗುಂಬಳ ತರಿಸಿದನಂತೆ. ಎಳೇ ಕಾಯಿಗೆ ಮೈತುಂಬಾ ಕೂದಲಿನಂಥ ಸುಂಕು ಇರುತ್ತಲ್ಲ, ಅದನ್ನ ಹೆರೆ, ಸಿಪ್ಪೆಗೆ ಗೀರು ಬೀಳಬಾರದು ಅಂದ. ಮೊದಲ ಕಾಯಿ ತುಂಬಾ ಗೀರು, ಹುಳಿಗೆ ಹೋಯ್ತು. ಎರಡನೇದೂ ಹುಳಿಗೆ. ಅಪ್ಪ ಮಗಳಿಗೆ ಕುಂಬಳಕಾಯಿ ಕಂಡ್ರೇ ಆಗದ ಹಾಗಾಯ್ತಂತೆ. ಒತ್ತಬೇಡ ಮಗಳೇ, ಕತ್ತಿಯ ಭಾರವೇ ಸಾಕು, ಕತ್ತೀನ ಮಲಗಿಸಿ ಹಿಡಿ ಅಂತ ಅವನು ಹೇಳಿದ್ದೇ ಹೇಳಿದ್ದು. ಮೂರನೇ ಕಾಯಿಗೆ ಒಂದೂ ಗೀರಿಲ್ಲ.

ಆಮೇಲೆ ಅಪ್ಪನ ಗಡ್ಡ. ಒಳಗೆ ಹೋದ ಕೆನ್ನೆ, ಜೋಲು ಚರ್ಮ. ಕತ್ತಿ ತಾಕಿ ಒಂದು ಹನಿ ರಕ್ತ ಬಂತು. ಮಾಳವ್ವ ಕೂತು ಅತ್ತೇಬಿಟ್ಟಳಂತೆ, ನನ್ನ ಕೈಲಾಗಲ್ಲಪ್ಪ, ಸಾಕಾಯ್ತು ಅಂತ. ಗಿರಿಯಪ್ಪ ಅವಳ ಬೆರಳು ಹಿಡಿದು ತನ್ನ ಕೆನ್ನೆ ಮೇಲಿಟ್ಟ. ಕೂದಲು ಯಾವ ಕಡೆ ವಾಲಿದೆ ನೋಡು, ಎಡಗೈಲಿ ಚರ್ಮ ಎಳೆದು ಹಿಡಿ, ಕೂದಲ ಜೊತೆಗೇ ಹೋಗು, ಎದುರು ಹೋಗಬೇಡ ಅಂದ. ಕಣ್ಣೊರೆಸಿಕೊಂಡು ಮತ್ತೆ ಹಿಡಿದಳು. ಮಾರನೇ ದಿನ, ಅದರ ಮಾರನೇ ದಿನವೂ ಹಿಡಿದಳು. ಕೇಳ್ತಿದ್ದೀಯಾ? ಹ್ಞೂಂ ಅನ್ನು.

ಅಮಾವಾಸ್ಯೆ ಬೆಳಿಗ್ಗೆ ಮಾಳವ್ವ ಅರಮನೆಗೆ ಹೋದಳಂತೆ. ಪಾಳೇಗಾರನ ಕಣ್ಣು ಕೆಂಡ. ನೀನೂ ಕೊಯ್ಯೋಕೆ ಬಂದೆಯಾ ಅಂದ. ಇಲ್ಲ ಬುದ್ಧೀ, ನಂಗೂ ನಿದ್ದೆ ಇಲ್ಲ, ನಿಧಾನಕ್ಕೆ ಮಾಡ್ತೀನಿ ಅಂದಳು. ಬಿಸಿನೀರಿನ ಬಟ್ಟೆ ಸುತ್ತಿದಳು, ಅಂಟುವಾಳದ ನೊರೆ ಹಚ್ಚಿದಳು, ಗಡ್ಡ ಮೆತ್ತಗಾಗೋವರೆಗೆ ಸುಮ್ಮನೆ ಕಾದಳು. ಆಮೇಲೆ ಕತ್ತೀನ ಅದರ ಪಾಡಿಗೆ ಬಿಟ್ಟಳು. ಒಂದು ಕೆನ್ನೆ ಮುಗಿಯೋದಕ್ಕೂ ಪಾಳೇಗಾರನ ಗೊರಕೆ ಏಳೋದಕ್ಕೂ ಸರಿಹೋಯ್ತಂತೆ.

ದಳವಾಯಿ ಓಡಿ ಬಂದು ಪಿಸುಗುಟ್ಟಿದ, ಇನ್ನೊಂದು ಕೆನ್ನೇನೂ ಮುಗಿಸೇ, ಅರ್ಧ ಗಡ್ಡದಲ್ಲಿ ಎದ್ರೆ ನಿನ್ನ ತಲೆ ಉಳಿಯಲ್ಲ. ಆದ್ರೆ ಇನ್ನೊಂದು ಕೆನ್ನೆಗೆ ತಲೆ ಹೊರಳಿಸಬೇಕು, ಹೊರಳಿಸಿದ್ರೆ ಎಚ್ಚರ ಆಗುತ್ತೆ. ಪಾಪ, ಎಷ್ಟು ದಿನದ ನಿದ್ದೆಯೋ. ಗಡ್ಡಕ್ಕೇನು ಅವಸರ ಸ್ವಾಮಿ, ಮಲಗಲಿ ಬಿಡಿ ಅಂದು ಕತ್ತಿ ಮಡಚಿ ಇಟ್ಟಳಂತೆ. ನಗಾರಿ ನಿಂತಿತು. ಕಲ್ಲು ಹೊರೋರು ಕಲ್ಲಿಗೇ ಒರಗಿ ಮಲಗಿದ್ರು, ಊರಿಗೆ ಊರೇ ಮಲಗಿತು, ಮಾಳವ್ವನೂ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು.

ಎರಡು ದಿನ ಬಿಟ್ಟು ಪಾಳೇಗಾರ ಎದ್ದು ಕನ್ನಡಿ ತರಿಸಿದ. ಒಂದು ಕೆನ್ನೆ ಬೆಣ್ಣೆ, ಒಂದು ಕೆನ್ನೆ ಕಾಡು. ಯಾಕೆ ಅರ್ಧಕ್ಕೆ ಬಿಟ್ಟೆ ಅಂದನಂತೆ. ಮಾಳವ್ವ ಅಂದಳು, ನೀವು ಮಲಗಿದ್ರಿ ಬುದ್ಧೀ. ಅಷ್ಟೇ ಅಂದಿದ್ದು. ಪಾಳೇಗಾರನ ಕಣ್ಣು ತುಂಬಿ ಬಂತಂತೆ. ತಾನಾಗೇ ತಲೆ ಹೊರಳಿಸಿ, ಈ ಕಡೆಯದು ಇನ್ನೂ ಇದೆಯಲ್ಲ, ಬಾ ತಾಯಿ ಅಂದನಂತೆ.

ಗಿರಿಯಪ್ಪ ತನ್ನ ಮನೇಲೇ ಉಳಿದ, ಅಣ್ಣಂದಿರು ಕುರಿಗೆ ವಾಪಸ್ ಬಂದ್ರು, ಮಾಳವ್ವ ದಿನಕ್ಕೊಂದು ಕೆನ್ನೆ ಹೆರೀತಾ ಸುಖವಾಗಿದ್ದಳಂತೆ. ಕತೆ ಅಲ್ಲಿಗೆ ಮುಗೀತು, ನನಗೂ ಸಾಕಾಯ್ತು. ನಿದ್ದೆ ಬಂತಾ ಮಗಾ? ಸದ್ಯ, ಬಂತು.